ಪ್ರತಿಕ್ರಿಯೆ: ಟ್ರಿಪಲ್ ಎ ಕಾರ್ಡ್ ಕೊಟ್ಟರೆ ದಂಡ ತಪ್ಪುತ್ತಾ?

ಅಮೆರಿಕದ ಇಲಿನಾಯ್‌ನಲ್ಲಿ ಸ್ಪೀಡಿಂಗ್ ಟಿಕೆಟ್ ಬಂದರೆ ಟ್ರಿಪಲ್ ಎ (ಅಲ್ಲಿನ ವಾಹನ ಚಾಲಕರ ಕ್ಲಬ್) ಸದಸ್ಯತ್ವದ ಕಾರ್ಡ್ ಕೊಟ್ಟು ಬಚಾವಾಗಬಹುದಾ ಅಂತ ಕೇಳಿದ್ದೀರಿ. ಇಲ್ಲ, ದಂಡ ನೀವೇ ಕಟ್ಟಬೇಕು. ಆ ಕಾರ್ಡ್ ಬರೀ ಜಾಮೀನಾಗಿತ್ತು ಅಷ್ಟೇ, ಅಂದರೆ ನೀವು ಕೋರ್ಟಿಗೆ ಬರದಿದ್ದರೆ ಜಾಮೀನಿನ ಹಣಕ್ಕೆ ಕ್ಲಬ್ ಹೊಣೆಯಾಗುತ್ತಿತ್ತು, ಆಮೇಲೆ ಅದನ್ನು ನಿಮ್ಮಿಂದಲೇ ವಸೂಲಿ ಮಾಡುತ್ತಿದ್ದರು; 2023ರಲ್ಲಿ ಆ ರಾಜ್ಯ ಹಣದ ಜಾಮೀನನ್ನೇ ತೆಗೆದುಹಾಕಿತು.

ಅಲ್ಲಿ ಮೊದಲು ಈ ಕಾರ್ಡಿಗೆ ತುಂಬಾ ಬೆಲೆ ಇತ್ತು. ಪೊಲೀಸರು ಟಿಕೆಟ್ ಬರೆದು ಲೈಸೆನ್ಸನ್ನೇ ಜಾಮೀನಾಗಿ ಇಟ್ಟುಕೊಳ್ಳುತ್ತಿದ್ದರು. ಕೇಸ್ ಮುಗಿಯುವವರೆಗೆ ಗುರುತಿನ ಚೀಟಿ ಇಲ್ಲದೆ ಓಡಾಡೋದು ಎಷ್ಟು ಕಷ್ಟ ಅಲ್ವಾ? ಅದರ ಬದಲು ಈ ಕಾರ್ಡ್ ಕೊಡಬಹುದಿತ್ತು. 2014ರಲ್ಲಿ ಕಾನೂನು ಬದಲಾಯಿತು, ಈಗ ಸಾಮಾನ್ಯ ಟಿಕೆಟ್‌ಗೆ ನಿಮ್ಮ ಸಹಿ ಸಾಕು. ಕುಡಿದು ಓಡಿಸಿದ ಕೇಸಿಗಂತೂ ಈ ಕಾರ್ಡ್ ನಂಬಿಕೊಳ್ಳಬೇಡಿ. ಟಿಕೆಟ್ ಮೇಲಿನ ತಾರೀಖು ನೋಡಿ, ದಯವಿಟ್ಟು ಅದನ್ನು ತಪ್ಪಿಸಬೇಡಿ.