ಚೌತಿಗೆ ಬಿಟ್ಟ ಮೆಸೇಜು ದುಬೈ ಮುಟ್ಲಿಲ್ಲ

ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಈ ಅಂಕಣದಲ್ಲಿ ಅಂಗಡಿಯವರು ಒಟ್ಟಿಗೆ ನೂರಾರು ನಂಬರಿಗೆ ಬಿಡೋ ಬಲ್ಕ್ ಎಸ್ಸೆಮ್ಮೆಸ್ ಬಗ್ಗೆ ನಾಲ್ಕು ಸಾಲು ಬರ್ದದ್ದೇ ತಪ್ಪಾಯ್ತು, ಈ ಸಲದ ಟಪಾಲು ಪೂರ್ತಿ ಅದೇ. ಅದ್ರಲ್ಲೂ ಹೊರದೇಶಕ್ಕೆ ಕಳಿಸೋದು ಹೇಗೆ ಅಂತ. ಅಂಧೇರಿಯ ಒಂದು ಎಸ್ಸೆಮ್ಮೆಸ್ ಕಂಪನಿಯಲ್ಲಿ ಹದಿನೇಳು ವರ್ಷ ಸವೆಸಿದವ ನಾನು, ಹಾಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟು ಇದನ್ನೇ ತಗೊಂಡಿದ್ದೇನೆ.

ಪ್ರಶ್ನೆ: ನಮಸ್ಕಾರ ಸರ್. ಡೊಂಬಿವಲಿಯಲ್ಲಿ ನಮ್ಮದು ಸಾಂಬಾರ್ ಪುಡಿ, ಹಪ್ಪಳ, ಚಕ್ಲಿ ಮಾಡಿ ಮಾರೋ ಸಣ್ಣ ಬಿಸಿನೆಸ್. ದುಬೈ, ಸಿಂಗಾಪುರಕ್ಕೂ ಪಾರ್ಸೆಲ್ ಹೋಗ್ತದೆ. ಇಲ್ಲಿ ಡಿಎಲ್‌ಟಿ ಆಗಿದೆ, ಕಳಿಸೋರ ಹೆಸರಿಗೆ ಹೆಡರ್ ಉಂಟು, ಮೆಸೇಜಿನ ಒಕ್ಕಣೆಯ ಟೆಂಪ್ಲೇಟ್ ಪಾಸಾಗಿದೆ, ಮುಂಬೈ ನಂಬರಿಗೆಲ್ಲ ಸರಿಯಾಗಿ ಹೋಗ್ತದೆ. ಚೌತಿ ಮೊದಲು ಅದೇ ಮೆಸೇಜನ್ನ ಹೊರಗಿನ 400 ನಂಬರಿಗೂ ಬಿಟ್ಟೆ. ದುಬೈಯವರಿಗೆ ಒಬ್ಬರಿಗೂ ಸಿಗ್ಲಿಲ್ಲ, ಮೆಸೇಜ್ ಬಿಡೋ ವೆಬ್‌ಸೈಟಿನ ಪ್ಯಾನೆಲ್ಲಲ್ಲಿ ಮಾತ್ರ ಎಲ್ಲಾ ಹಸಿರು. ಸಿಂಗಾಪುರದ ಒಬ್ಬರು ಫೋನ್ ಮಾಡಿ, "ಏನಿದು, ನಿಮ್ಮ ಮೆಸೇಜು ಲೈಕ್ಲಿ ಸ್ಕ್ಯಾಮ್, ಮೋಸ ಇರ್ಬಹುದು, ಅನ್ನೋ ಹೆಸರಲ್ಲಿ ಬಂದಿದೆ" ಅಂತ ನಕ್ಕರು. ದುಡ್ಡೂ ಹೋಯ್ತು, ಮರ್ಯಾದೆಯೂ ಹೋಯ್ತು. ತಪ್ಪಾದದ್ದೆಲ್ಲಿ? ನಂಬರ್ ಲಿಸ್ಟ್ ಜೊತೆಗಿಟ್ಟಿದ್ದೇನೆ.

ಉತ್ತರ: ಅಕ್ಕ, ನೀವು ಮುಂಬೈ ಲೋಕಲ್‌ನ ಪಾಸ್ ಹಿಡ್ಕೊಂಡು ದುಬೈ ಮೆಟ್ರೋ ಹತ್ತಿದ್ದೀರಿ, ಅಷ್ಟೇ ಆದದ್ದು. ಡಿಎಲ್‌ಟಿ ಅನ್ನೋದು ನಮ್ಮ ದೇಶದ ಟೆಲಿಕಾಂ ನಿಯಂತ್ರಕರಾದ ಟ್ರಾಯ್‌ನವರು 2018ರ ನಿಯಮದಲ್ಲಿ ತಂದ ವ್ಯವಸ್ಥೆ, ಯಾರು ಕಳಿಸ್ತಾರೆ, ಯಾವ ಹೆಸರಲ್ಲಿ, ಯಾವ ಒಕ್ಕಣೆ ಅಂತ ಮೊದಲೇ ಬರೆಸಿಡೋದು, ಅದಕ್ಕೆ ತಾಳೆ ಆಗದ ಮೆಸೇಜನ್ನ ಟೆಲಿಕಾಂ ಕಂಪನಿಯವರು ದಾರಿಯಲ್ಲೇ ತಡೆಯೋದು. (2021ರ ಮಾರ್ಚ್ 8ಕ್ಕೆ ಈ ತಡೆಯೋ ಕೆಲಸ ಗಟ್ಟಿಯಾಗಿ ಶುರು ಮಾಡಿದಾಗ ದೇಶದ ಓಟಿಪಿಗಳೇ ನಿಂತುಹೋಗಿ, ಮರುದಿನವೇ ಒಂದು ವಾರ ಮುಂದೆ ಹಾಕಿದ್ರು. ಆ ಸೋಮವಾರ ನಮ್ಮ ಆಫೀಸಲ್ಲಿ ಊಟಕ್ಕೆ ಎದ್ದವರಿಲ್ಲ.) ಆದ್ರೆ ಇದೆಲ್ಲ +91 ನಂಬರಿಗೆ ಮಾತ್ರ. ಮೆಸೇಜು ಎಲ್ಲಿಂದ ಹೊರಟಿತು ಅನ್ನೋದಕ್ಕಿಂತ ಯಾವ ದೇಶದ ನಂಬರಿಗೆ ಹೋಗಿ ಇಳೀತದೆ ಅಂತ ನೋಡ್ತಾರೆ, ಇಳಿಯೋ ಊರಿನ ಕಾನೂನೇ ಕಾನೂನು.

ದುಬೈ ನೋಡುವಾ. ಯುಎಇಯಲ್ಲಿ ನಮ್ಮ ಟ್ರಾಯ್ ಥರ ಇರೋದು ಟಿಡಿಆರ್‌ಎ, ನೆಟ್‌ವರ್ಕ್ ಮುಖ್ಯವಾಗಿ ಎರಡು, ಎತಿಸಲಾತ್ ಮತ್ತು ಡು. ಅಲ್ಲಿ ಸೆಂಡರ್ ಹೆಸರನ್ನ ಮೊದಲೇ ರಿಜಿಸ್ಟರ್ ಮಾಡಿಸದೆ ಕಳಿಸಿದ್ರೆ ಗೇಟಲ್ಲೇ ಬಿಸಾಡ್ತಾರೆ. ನಿಮ್ಮ ಭಾರತದ ಆರಕ್ಷರದ ಹೆಡರ್ ಅವರ ಪಾಲಿಗೆ ಯಾರೋ ಅನಾಮಿಕ. ಇನ್ನೊಂದು, ನಿಮ್ಮದು ಆಫರ್ ಮೆಸೇಜು, "ಚೌತಿಗೆ ಚಕ್ಲಿ 20 ಪರ್ಸೆಂಟ್ ಕಡಿಮೆ" ಅಂತ. ಅಂಥದ್ದಕ್ಕೆ ಅಲ್ಲಿ ಹೆಸರಿನ ಶುರುವಲ್ಲೇ ಎಡಿ ಅಂತ ಎರಡು ಇಂಗ್ಲಿಷ್ ಅಕ್ಷರ, ಒಂದು ಸಣ್ಣ ಗೆರೆ ಇರ್ಲೇಬೇಕು, ಜಾಹೀರಾತು ಅಂತ ಗೊತ್ತಾಗ್ಲಿಕ್ಕೆ. ಪಕ್ಕದ ಸೌದಿಯಲ್ಲಿ ಅದೇ ಎಡಿ ಹೆಸರಿನ ಕೊನೆಗೆ ಬರ್ತದೆ. ಅಕ್ಕಪಕ್ಕದ ಮನೆ, ಒಬ್ಬರಿಗೆ ಬಾಲ ಮುಂದೆ, ಇನ್ನೊಬ್ಬರಿಗೆ ಹಿಂದೆ! ನಗ್ಬೇಡಿ, ನಮ್ಮಲ್ಲೂ 2025ರಿಂದ ಹೆಡರ್ ಕೊನೆಗೆ ಪಿ, ಎಸ್, ಟಿ, ಜಿ ಅಂತ ಅಂಟಿಸ್ತಾರಲ್ಲ, ಪ್ರಮೋಷನ್, ಸರ್ವಿಸ್, ಟ್ರಾನ್ಸಾಕ್ಷನ್, ಗವರ್ನಮೆಂಟ್ ಅಂತ, ಅದೂ ಇದೇ ಜಾತಿ. "ನಿಮ್ಮ ಪಾರ್ಸೆಲ್ ಹೊರಟಿದೆ" ಅನ್ನೋ ಮೆಸೇಜಿಗೆ ಎಡಿ ಬೇಡ, ಆದ್ರೆ ಅದೇ ಹೆಸರಲ್ಲಿ ಕದ್ದು ಆಫರ್ ತುರುಕ್ಬೇಡಿ. ನಮ್ಮಲ್ಲೊಬ್ಬ ಗಿರಾಕಿ ಹಾಗೆ ಮಾಡಿ, ಸಿಕ್ಕಿಬಿದ್ದು, ಆ ಹೆಸರೇ ಬ್ಲಾಕ್ ಆಗಿ, ನಿಜವಾದ ಡೆಲಿವರಿ ಮೆಸೇಜೂ ಹೋಗ್ದೆ ಒಂದೂವರೆ ತಿಂಗಳು ಒದ್ದಾಡಿದ್ದುಂಟು, ಆ ತಪ್ಪಲ್ಲಿ ಅರ್ಧ ಪಾಲು ನನ್ನದೂ ಹೌದು, ನಾನು ಕಣ್ಮುಚ್ಚಿ ಪಾಸ್ ಮಾಡಿದ್ದೆ.

ಹೆಸರು ಮಾಡಿಸೋದು ಹೇಗಂದ್ರೆ ನೀವು ಸೀದಾ ಟಿಡಿಆರ್‌ಎಗೆ ಓಡೋದಲ್ಲ. ನಿಮಗೆ ಎಸ್ಸೆಮ್ಮೆಸ್ ಮಾರೋ ಕಂಪನಿ ಉಂಟಲ್ಲ, ಅವರ ಇಂಟರ್‌ನ್ಯಾಷನಲ್ ಡೆಸ್ಕಿಗೆ ಹೇಳಿ ಅವರ ಮೂಲಕ ಹಾಕ್ಬೇಕು. ಕಂಪನಿಯ ಲೈಸೆನ್ಸು, ಲೆಟರ್‌ಹೆಡ್ಡಲ್ಲಿ ಒಪ್ಪಿಗೆ ಪತ್ರ, ಮೆಸೇಜಿನ ಮಾದರಿ ಕೇಳ್ತಾರೆ. ಹೊರಗೆ ಸಾಮಾನ್ಯವಾಗಿ ಹೆಸರಿಗೆ 11 ಅಕ್ಷರದವರೆಗೆ ಜಾಗ ಉಂಟು, ಆದ್ರೆ ಎಡಿಯ ಬಾಲವೂ ಅದ್ರಲ್ಲೇ ಸೇರ್ತದೆ, ಹಾಗಾಗಿ ಚಿಕ್ಕ ಹೆಸರು ಹುಡ್ಕಿ. ಮುಂದಿನ ಚೌತಿಗೆ ಬೇಕಿದ್ರೆ ಆಷಾಢದಲ್ಲೇ ಶುರು ಮಾಡಿ, ಹಬ್ಬದ ವಾರದಲ್ಲಿ ಓಡಿದ್ರೆ ದೀಪಾವಳಿಗೆ ಸಿಕ್ಕೀತು.

ಸಿಂಗಾಪುರದ ಕಥೆ ಬೇರೆಯೇ. 2021ರ ಡಿಸೆಂಬರಲ್ಲಿ ಅಲ್ಲಿ ಒಂದು ದೊಡ್ಡ ಬ್ಯಾಂಕಿನ ಹೆಸರಲ್ಲೇ ಕಳ್ಳರು ಎಸ್ಸೆಮ್ಮೆಸ್ ಕಳ್ಸಿದ್ರು, ಅದು ಹೋಗಿ ಬ್ಯಾಂಕಿನ ಅಸಲಿ ಮೆಸೇಜುಗಳ ಸಾಲಲ್ಲೇ ಕೂತ್ಕೊಳ್ತು, ಜನ ನಂಬಿ ಲಿಂಕ್ ಒತ್ತಿ 1 ಕೋಟಿ ಸಿಂಗಾಪುರ ಡಾಲರಿಗೂ ಮೇಲೆ ಕಳ್ಕೊಂಡ್ರು. ಆಮೇಲೆ ಸರ್ಕಾರ ಸೆಂಡರ್ ಹೆಸರಿನ ರಿಜಿಸ್ಟ್ರಿ ಮಾಡಿ, 2023ರ ಜನವರಿ 31ರಿಂದ ಕಡ್ಡಾಯ ಮಾಡ್ತು, ಅದ್ರಲ್ಲಿಲ್ಲದ ಹೆಸರಿಂದ ಬಂದದ್ದಕ್ಕೆಲ್ಲ ಒಂದೇ ಹಣೆಪಟ್ಟಿ, ಲೈಕ್ಲಿ ಸ್ಕ್ಯಾಮ್. ನಿಮ್ಮ ಚಕ್ಲಿ ಕೂತದ್ದು ಆ ಬುಟ್ಟಿಯಲ್ಲಿ. ರಿಜಿಸ್ಟ್ರಿಗೆ ಸೇರ್ಬೇಕಿದ್ರೆ ಅಲ್ಲಿನ ಯುಇಎನ್ ಅನ್ನೋ ಸಂಸ್ಥೆ ನಂಬರ್ ಬೇಕು, ಡೊಂಬಿವಲಿಯ ಜಿಎಸ್‌ಟಿ ನಂಬರ್ ನಡೆಯೋದಿಲ್ಲ. ನನ್ನ ಕೇಳಿದ್ರೆ ನಿಮ್ಮ ಮಟ್ಟದ ವ್ಯಾಪಾರಕ್ಕೆ ಸಿಂಗಾಪುರದಲ್ಲಿ ಎಸ್ಸೆಮ್ಮೆಸ್ಸೇ ಬೇಡ, ಇಮೇಲ್ ಅಥವಾ ವಾಟ್ಸಾಪಲ್ಲಿ ಮುಗಿಸಿ. ಅಲ್ಲಿ ನಿಮ್ಮ ಮಾಲು ಇಳಿಸ್ಕೊಳ್ಳೋ ಅಂಗಡಿಯವರ ಹೆಸರು ರಿಜಿಸ್ಟರ್ ಆಗಿದ್ರೆ ಅವರೇ ಅವರ ಗಿರಾಕಿಗಳಿಗೆ ಕಳಿಸ್ಲಿ.

ಇನ್ನು ಆ ಹಸಿರು. ಪ್ಯಾನೆಲ್ಲಲ್ಲಿ ಸೆಂಟ್ ಅಂದ್ರೆ ನಮ್ಮ ಗೇಟಿಂದ ಹೊರಟಿದೆ ಅಂತ, ಡೆಲಿವರ್ಡ್ ಅಂದ್ರೆ ಹ್ಯಾಂಡ್‌ಸೆಟ್ಟಿಗೆ ಮುಟ್ಟಿದೆ ಅಂತ ಅಲ್ಲಿನ ನೆಟ್‌ವರ್ಕ್ ಹೇಳಿದ್ದು. ಕೆಲವು ಪ್ಯಾನೆಲ್ ಎರಡಕ್ಕೂ ಹಸಿರೇ ಬಳೀತಾವೆ, ಕೆಲವು ದಾರಿಗಳಲ್ಲಿ ಆ ಡೆಲಿವರ್ಡ್ ಕೂಡ ಮಧ್ಯದವರೇ ಬರೆದುಕೊಟ್ಟ ಸುಳ್ಳು ರಸೀದಿ. ಮೊದಲು ಅಲ್ಲಿರೋ ನಿಮ್ಮದೇ ನಾಲ್ಕು ಜನ ನೆಂಟರ ನಂಬರಿಗೆ ಕಳಿಸಿ, ಫೋನ್ ಮಾಡಿ ಕೇಳಿ, ಆಮೇಲೆ 400ಕ್ಕೆ ಬಿಡಿ.

ಅಯ್ಯೋ, ಲಿಸ್ಟ್ ಮರ್ತೇಬಿಟ್ಟೆ. ಮೂವತ್ತು ಚಿಲ್ಲರೆ ದುಬೈ ನಂಬರನ್ನ ನೀವು +971 ಆದ್ಮೇಲೆ 050 ಅಂತ ಬರ್ದಿದ್ದೀರಿ. ಅಲ್ಲಿನ ಜನ ಹೇಳೋದು ಹಾಗೇ, ಸೊನ್ನೆ ಸೇರಿಸಿ, ಆದ್ರೆ ದೇಶದ ಕೋಡ್ ಹಾಕಿದ ಮೇಲೆ ಆ ಸೊನ್ನೆ ತೆಗಿಬೇಕು, +971 50 ಅಂತ ಹೋಗ್ಬೇಕು. ಹೆಸರು ರಿಜಿಸ್ಟರ್ ಆಗಿದ್ರೂ ಇವು ಮುಟ್ತಿರ್ಲಿಲ್ಲ.

ಪ್ರಶ್ನೆ: ಮುಲುಂಡಿನಿಂದ ಆನ್‌ಲೈನಲ್ಲಿ ಅಮೆರಿಕದ ಮಕ್ಕಳಿಗೆ ಯಕ್ಷಗಾನ ಹೆಜ್ಜೆ ಕಲಿಸ್ತೇನೆ, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಸೇರಿ 35 ಮಕ್ಕಳು. ಕ್ಲಾಸಿನ ನೆನಪು, ಫೀಸಿನ ನೆನಪು ಎಸ್ಸೆಮ್ಮೆಸ್ಸಲ್ಲಿ ಕಳಿಸ್ಲಿಕ್ಕೆ ನಮ್ಮ ತಂಡದ ಹೆಸರೇ ಬರುವ ಹಾಗೆ ಮಾಡ್ಬಹುದಾ?

ಉತ್ತರ: ಆಗೋದಿಲ್ಲ ಭಾಗವತ್ರೇ. ಅಮೆರಿಕ, ಕೆನಡಾ ಎರಡರಲ್ಲೂ ಅಕ್ಷರದ ಹೆಸರು ನಡೆಯೋದೇ ಇಲ್ಲ, ನಂಬರಿಂದಲೇ ಹೋಗ್ಬೇಕು. ಅಮೆರಿಕದಲ್ಲಿ ಅದಕ್ಕೆ ಮೂರು ದಾರಿ: ಐದಾರು ಅಂಕಿಯ ಶಾರ್ಟ್ ಕೋಡ್, ಅದು ದುಬಾರಿ, ನಮ್ಮಂಥವರಿಗಲ್ಲ; ಟೋಲ್ ಫ್ರೀ ನಂಬರ್, ಅದಕ್ಕೆ ವೆರಿಫಿಕೇಶನ್ ಬೇಕು; ಇಲ್ಲ ಮಾಮೂಲಿ ಹತ್ತಂಕಿಯದ್ದು, ಅದನ್ನ ಟೆನ್ ಡಿಎಲ್‌ಸಿ ಅಂತಾರೆ. ಈ ಹತ್ತಂಕಿಯದ್ದಕ್ಕೆ ನಿಮ್ಮ ಸಂಸ್ಥೆಯನ್ನ ಬ್ರ್ಯಾಂಡ್ ಅಂತಲೂ ನೀವು ಕಳಿಸೋ ಮೆಸೇಜಿನ ಬಗೆಯನ್ನ ಕ್ಯಾಂಪೇನ್ ಅಂತಲೂ ಬರೆಸ್ಬೇಕು. ಮೆಸೇಜಿನ ಮಾದರಿ ಕೊಡ್ಬೇಕು, ಪೋಷಕರು ಒಪ್ಪಿದ್ದು ಯಾವ ಫಾರ್ಮಲ್ಲಿ ಅಂತ ತೋರಿಸ್ಬೇಕು. ಅಲ್ಲಿ ಬೇಡದ ಫೋನು, ಮೆಸೇಜು ತಡೆಯೋ ಟಿಸಿಪಿಎ ಅಂತ 1991ರ ಕಾನೂನು ಉಂಟು, ಅದರ ಕೆಳಗೆ ಕೋರ್ಟಿಗೆ ಹೋದ್ರೆ ಒಂದೊಂದು ಮೆಸೇಜಿಗೆ 500 ಡಾಲರ್, ಬೇಕಂತಲೇ ಮಾಡಿದ್ದು ಅಂತಾದ್ರೆ 1500 ಡಾಲರ್ ತನಕ ಕೇಳ್ಬಹುದು, ಹಾಗಾಗಿ ಅಲ್ಲಿ ಸ್ಟಾಪ್ ಅಂತ ಯಾರಾದ್ರೂ ಉತ್ತರ ಹಾಕಿದ್ರೆ "ನಮ್ಮೂರಿನವರೇ ಅಲ್ವಾ" ಅಂತ ಮತ್ತೆ ಕಳಿಸ್ಲಿಕ್ಕೆ ಹೋಗ್ಬೇಡಿ.

ಹೊತ್ತಿನ ವಿಷಯವೂ ಉಂಟು. ಮಾರಾಟದ ಸಂದೇಶ ಆದ್ರೆ ಅವರ ಊರಿನ ಬೆಳಿಗ್ಗೆ 8ರಿಂದ ರಾತ್ರಿ 9ರ ಒಳಗೆ ಹೋಗ್ಬೇಕು. ನೀವು ಮುಲುಂಡಲ್ಲಿ ಸಂಜೆ 5ಕ್ಕೆ ಚಾ ಕುಡೀತಾ ಒಂದು ಬಟನ್ ಒತ್ತಿದ್ರೆ ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಗೆ ಮುಂಜಾನೆ 4.30, ಚಳಿಗಾಲಕ್ಕೆ 3.30. ಆ ಹೊತ್ತಿಗೆ ಆಟ ಮುಗಿಸಿ ಚೌಕಿಗೆ ಬಂದವನಿಗೆ ಬಿಟ್ರೆ ಯಾರಿಗೆ ಎಚ್ಚರ ಇರ್ತದೆ? ನಂಬರಿನ ಏರಿಯಾ ಕೋಡ್ ನೋಡಿ ಊರು ಲೆಕ್ಕ ಹಾಕ್ಲಿಕ್ಕೂ ಹೋಗ್ಬೇಡಿ, ಜನ ಊರು ಬಿಟ್ರೂ ಹಳೇ ನಂಬರ್ ಬಿಡೋದಿಲ್ಲ, ಊರು ಕೇಳಿ ಬರೆದಿಟ್ಕೊಳ್ಳಿ.

ಇಷ್ಟೆಲ್ಲ ಹೇಳಿ ಈಗ ಹೇಳ್ತೇನೆ, 35 ಮಕ್ಕಳಿಗೆ ಇದ್ಯಾವುದೂ ಬೇಡ. ಪೋಷಕರ ವಾಟ್ಸಾಪ್ ಗ್ರೂಪ್ ಸಾಕು. ಮುಂದೆ ಮುನ್ನೂರು ಮಕ್ಕಳಾಗಿ ವಾಟ್ಸಾಪಿನ ದೊಡ್ಡ ಬಿಸಿನೆಸ್ ಸರ್ವಿಸ್ಸಿಗೆ ಹೋದ್ರೆ ಮಾತ್ರ ಒಂದು ನೆನಪಿರ್ಲಿ, ಅಮೆರಿಕದ ನಂಬರಿಗೆ ಮಾರ್ಕೆಟಿಂಗ್ ಟೆಂಪ್ಲೇಟ್ ಕಳಿಸೋದನ್ನ ಅವರು 2025ರ ಏಪ್ರಿಲ್ 1ರಿಂದ ನಿಲ್ಲಿಸಿದ್ದಾರೆ, ಕ್ಲಾಸಿನ ನೆನಪು ಆ ಪಟ್ಟಿಗೆ ಬರೋದಿಲ್ಲ, "ಹೊಸ ಬ್ಯಾಚ್ ಸೇರಿ" ಬರ್ತದೆ.

ಪ್ರಶ್ನೆ: ನಮಸ್ಕಾರ್ರಿ. ಪುಣೆದಾಗ ನಮ್ದು ಇಳಕಲ್ ಸೀರಿ ಅಂಗಡಿ. ಲಂಡನ್ ಕಡೆ ಇರೋ ನಮ್ಮ ಮಂದಿ ಗಿರಾಕಿಗೆ ಕನ್ನಡದಾಗ ಮೆಸೇಜ್ ಕಳಸ್ತೀವಿ. ಇಂಗ್ಲಿಷ್ ಮೆಸೇಜಿಗೆ ಒಂದರ ರೊಕ್ಕ ಹಿಡೀತಾರ, ಅಷ್ಟ ಉದ್ದದ ಕನ್ನಡಕ್ಕ ಮೂರರ ರೊಕ್ಕ! ಕನ್ನಡಕ್ಕ ದಂಡ ಹಾಕ್ತಾರೇನ್ರಿ? ಮತ್ತ ಅಲ್ಲೂ ಹೆಸರು ರಿಜಿಸ್ಟರ್ ಮಾಡಸಬೇಕೇನು?

ಉತ್ತರ: ದಂಡ ಅಲ್ರಿ, ಜಾಗದ ಲೆಕ್ಕ. ಒಂದು ಎಸ್ಸೆಮ್ಮೆಸ್ ಅಂದ್ರೆ 140 ಬೈಟಿನ, ಅಂದ್ರೆ 1120 ಬಿಟ್ಟಿನ ಪೆಟ್ಟಿಗೆ. ಇಂಗ್ಲಿಷ್ ಅಕ್ಷರ ಒಂದಕ್ಕೆ 7 ಬಿಟ್ ಸಾಕು, 160 ಹಿಡೀತವೆ. ಕನ್ನಡ ಎಲ್ಲಾ ಭಾಷೆಯ ಅಕ್ಷರಕ್ಕೂ ಇರೋ ಯೂನಿಕೋಡಲ್ಲಿ ಹೋಗ್ತದೆ, ಒಂದಕ್ಕೆ 16 ಬಿಟ್, ಹಾಗಾಗಿ 70 ಮಾತ್ರ. ಪೆಟ್ಟಿಗೆ ಒಂದಕ್ಕಿಂತ ಹೆಚ್ಚಾದ್ರೆ ಜೋಡಿಸೋ ಗುರುತಿಗೆ ಜಾಗ ಹೋಗಿ ಇಂಗ್ಲಿಷಿಗೆ 153, ಕನ್ನಡಕ್ಕೆ 67ಕ್ಕೆ ಇಳೀತದೆ. ಮತ್ತೆ ನಾವು ಒಂದು ಅಕ್ಷರ ಅನ್ನೋದು ಅದಕ್ಕೆ ಒಂದಲ್ಲ, ಒತ್ತು, ಗುಣಿತ ಎಲ್ಲಾ ಬೇರೆ ಬೇರೆ ಎಣಿಸ್ತದೆ. ಸ್ತ್ರೀ ಅಂತ ಬರೆದ್ರೆ ಆರು ಹೋಯ್ತು. "ಗಣೇಶ ಚತುರ್ಥಿ ಹಬ್ಬದ ಶುಭಾಶಯಗಳು" ಅನ್ನೋಷ್ಟರಲ್ಲಿ ಮಧ್ಯದ ಜಾಗ ಸೇರಿ 28. ಇನ್ನು ಸೀರೆ ಹೆಸರು, ರೇಟು, ಅಂಗಡಿ ವಿಳಾಸ ಹಾಕಿದ್ರೆ ಮೂರು ಪೆಟ್ಟಿಗೆ ತುಂಬದೆ ಏನಾದೀತು.

ಇಂಗ್ಲಿಷಲ್ಲಿ ಬರೆದೂ ಮೂರರ ದುಡ್ಡು ಕೊಟ್ಟವರನ್ನ ನಾನು ಕಂಡಿದ್ದೇನೆ. ಮೆಸೇಜಲ್ಲಿ ಒಂದೇ ಒಂದು ರೂಪಾಯಿ ಚಿಹ್ನೆ, ಇಲ್ಲ ಒಂದು ಹೂವಿನ ಇಮೋಜಿ, ಇಲ್ಲ ವರ್ಡ್ ಫೈಲಿಂದ ಕಾಪಿ ಮಾಡಿದ ಬಾಗಿದ ಉದ್ಧರಣ ಚಿಹ್ನೆ ಇದ್ರೆ ಸಾಕು, ಇಡೀ ಮೆಸೇಜೇ ಯೂನಿಕೋಡ್ ಆಗಿಬಿಡ್ತದೆ. ಹಾಗಾಗಿ ಆರ್‌ಎಸ್ ಅಂತ ಇಂಗ್ಲಿಷ್ ಅಕ್ಷರದಲ್ಲೇ ಹಾಕಿ. ನನ್ನ ಮಾತು ಕೇಳಿದ್ರೆ ಹಬ್ಬದ ಶುಭಾಶಯ ಕನ್ನಡದಲ್ಲಿ 70ರೊಳಗೆ ಮುಗಿಸಿ, ರೇಟಿನ ವ್ಯವಹಾರ ಇಂಗ್ಲಿಷಲ್ಲಿ ಇಟ್ಕೊಳ್ಳಿ.

ಬ್ರಿಟನ್ನಲ್ಲಿ ಹೆಸರಿನ ತಾಪತ್ರಯ ಗಲ್ಫಿನಷ್ಟಿಲ್ಲ, ಒಪ್ಪಿಗೆಯ ತಾಪತ್ರಯ ಉಂಟು. ಪಿಇಸಿಆರ್ ಅಂತ 2003ರ ನಿಯಮ. ನಿಮ್ಮಲ್ಲಿ ಸೀರೆ ತಗೊಂಡವರಿಗೆ ಸೀರೆಯಂಥದ್ದೇ ಮಾಲಿನ ಬಗ್ಗೆ ಕಳಿಸ್ಬಹುದು, ಆದ್ರೆ ನಂಬರ್ ತಗೊಳ್ಳುವಾಗಲೂ ಆಮೇಲೆ ಪ್ರತಿ ಮೆಸೇಜಲ್ಲೂ "ಬೇಡ" ಅನ್ಲಿಕ್ಕೆ ದಾರಿ ಇಟ್ಟಿರ್ಬೇಕು. ಇಲ್ಲಿ ಎಲ್ಲರೂ ಎಡವೋ ಜಾಗ ಒಂದುಂಟು: ಹೆಸರಲ್ಲಿ ಬಂದ ಮೆಸೇಜಿಗೆ ಉತ್ತರ ಹಾಕ್ಲಿಕ್ಕೇ ಆಗೋದಿಲ್ಲ, ಆದ್ರೂ ಕೆಳಗೆ "ಬೇಡದಿದ್ರೆ ಸ್ಟಾಪ್ ಅಂತ ರಿಪ್ಲೈ ಮಾಡಿ" ಅಂತ ಬರ್ದಿರ್ತಾರೆ. ಬಾಗಿಲಿನ ಚಿತ್ರ ಬರೆದು ಗೋಡೆಗೆ ಅಂಟಿಸಿದ ಹಾಗೆ. ರಿಪ್ಲೈ ಬರೋ ಒಂದು ನಂಬರ್ ಕೊಡಿ, ಇಲ್ಲ ನಿಮ್ಮದೇ ವೆಬ್‌ಸೈಟಿನ ಲಿಂಕ್ ಕೊಡಿ. ಪುಕ್ಕಟೆ ಸಿಗೋ ಚುಟುಕು ಲಿಂಕ್ ಬೇಡ, ಕಳ್ಳರೂ ಅದನ್ನೇ ಬಳಸೋದ್ರಿಂದ ಫಿಲ್ಟರಲ್ಲಿ ಸಿಕ್ಕಿಬೀಳ್ತದೆ.

ಪ್ರಶ್ನೆ: ನನ್ನ ಗಿರಾಕಿ ಮಸ್ಕತ್ತಲ್ಲಿದ್ದಾರೆ, ಆದ್ರೆ ಊರಿನ +91 ನಂಬರನ್ನೇ ರೋಮಿಂಗಲ್ಲಿ ಇಟ್ಕೊಂಡಿದ್ದಾರೆ. ಯಾವ ನಿಯಮ? (ವಾಶಿ)

ಉತ್ತರ: ನಂಬರ್ ಭಾರತದ್ದು, ನಿಯಮವೂ ಭಾರತದ್ದು. ನಿಮ್ಮ ಡಿಎಲ್‌ಟಿ ಹೆಡರ್, ಟೆಂಪ್ಲೇಟಲ್ಲೇ ಕಳಿಸಿ.

ಪ್ರಶ್ನೆ: ಮಾಪುಸಾದಲ್ಲಿ ಹೋಮ್‌ಸ್ಟೇ ನಡೆಸ್ತಾ ಇದ್ದೀವಿ, ಗೆಸ್ಟುಗಳು ಹತ್ತಾರು ದೇಶದವ್ರು. ಒಬ್ಬ ಏಜೆಂಟು ಯಾವ ದೇಶಕ್ಕಾದ್ರೂ ಕಾಲು ರೇಟಲ್ಲಿ ಕಳಿಸ್ತೀನಿ, ಡಾಕ್ಯುಮೆಂಟು ಏನೂ ಬೇಡ ಅಂತಿದ್ದಾನೆ. ತಗೋಬಹುದಾ?

ಉತ್ತರ: ಡಾಕ್ಯುಮೆಂಟು ಬೇಡ ಅಂದಲ್ಲೇ ಅವನು ಎಲ್ಲಾ ಹೇಳಿದ್ದಾನೆ. ಧಂಧೆಯಲ್ಲಿ ಅದಕ್ಕೆ ಗ್ರೇ ರೂಟ್ ಅಂತಾರೆ. ಎಲ್ಲೋ ಒಂದು ರೂಮಲ್ಲಿ ಡಬ್ಬದ ತುಂಬ ಮಾಮೂಲಿ ಸಿಮ್ ಕಾರ್ಡ್ ಚುಚ್ಚಿಟ್ಟು, ಒಬ್ಬ ಮನುಷ್ಯ ಇನ್ನೊಬ್ಬನಿಗೆ ಕಳಿಸಿದ ಹಾಗೆ ನಾಟಕ ಮಾಡಿ ಮೆಸೇಜು ದಾಟಿಸೋದು. ಇವತ್ತು ಹೋಗ್ತದೆ, ನಾಳೆ ನೆಟ್‌ವರ್ಕಿನವರು ಆ ಸಿಮ್ಮುಗಳನ್ನ ಕಟ್ ಮಾಡ್ತಾರೆ, ಆಮೇಲೆ ಏಜೆಂಟನ ಫೋನೂ ಸ್ವಿಚ್ ಆಫ್. ಅದಕ್ಕಿಂತ ಕೆಟ್ಟದ್ದು, ನಿಮ್ಮ ಗೆಸ್ಟುಗಳ ಹೆಸರು, ನಂಬರ್, ಬರೋ ತಾರೀಕು ಎಲ್ಲಾ ಅವನ ಕೈಗೆ ನೀವೇ ಕೊಟ್ಟಿರ್ತೀರಿ, ನಾಳೆ ಅದೇ ಗೆಸ್ಟಿಗೆ ನಿಮ್ಮ ಹೋಮ್‌ಸ್ಟೇ ಹೆಸರಲ್ಲಿ "ಅಡ್ವಾನ್ಸ್ ಇಲ್ಲಿ ಕಟ್ಟಿ" ಅಂತ ಲಿಂಕ್ ಹೋದ್ರೆ ಯಾರನ್ನ ಹಿಡೀತೀರಿ? ಬುಕಿಂಗ್ ಮಾಡುವಾಗ ಇಮೇಲ್ ಕೊಟ್ಟಿರ್ತಾರಲ್ಲ, ಅದಕ್ಕೇ ಕಳಿಸಿ, ಖರ್ಚೂ ಇಲ್ಲ. ಎಸ್ಸೆಮ್ಮೆಸ್ ಬೇಕೇ ಬೇಕು ಅಂದ್ರೆ ನಿಮಗೆ ಅತಿ ಹೆಚ್ಚು ಗೆಸ್ಟು ಬರೋ ಎರಡು ದೇಶ ಆರಿಸಿ, ಆ ಎರಡಕ್ಕೆ ಮಾತ್ರ ಕಾಗದಪತ್ರ ಮಾಡ್ಸಿ.