ಪುಣೆಯ ಫ್ಲ್ಯಾಟಿನಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜರ್‌ಗೆ ಮೀಟರಿನಿಂದಲೇ ಬೇರೆ ತಂತಿ ಏಕೆ ಎಳೆಯಬೇಕು?

ಗೀಸರಿನ ಹೊರೆಯನ್ನು ಹದಿನೈದು ನಿಮಿಷ ತಾಳುವ ಮನೆಯ ತಂತಿ, ಕಾರಿನ ಹೊರೆಯನ್ನು ರಾತ್ರಿಯಿಡೀ ತಾಳಲಾರದು. ಬೇರೆ ತಂತಿ ಬೇಕಾಗುವುದು ಇದಕ್ಕಾಗಿಯೇ. 7.2 ಕಿಲೋವ್ಯಾಟ್ ಚಾರ್ಜರ್ 230 ವೋಲ್ಟ್‌ನಲ್ಲಿ ಸುಮಾರು 31 ಆಂಪಿಯರ್ ಕರೆಂಟನ್ನು ಗಂಟೆಗಟ್ಟಲೆ ಎಳೆಯುತ್ತದೆ, ಮತ್ತು ಒಂದೇ ತಂತಿಯಲ್ಲಿ ಕರೆಂಟು ಎರಡು ಪಟ್ಟಾದರೆ ಹುಟ್ಟುವ ಬಿಸಿ ನಾಲ್ಕು ಪಟ್ಟಾಗುತ್ತದೆ. ಕೊಥ್ರೂಡಿನ ನಮ್ಮ ಸೊಸೈಟಿಯಲ್ಲಿ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಚಾರ್ಜ್ ಮಾಡುತ್ತಿದ್ದವರೊಬ್ಬರ ಪ್ಲಗ್ಗಿನ ಪಿನ್ನು ಕಪ್ಪಾಗಿ, ಅದರ ಸುತ್ತಲಿನ ಪ್ಲಾಸ್ಟಿಕ್ಕು ಮೆತ್ತಗಾಗಿದ್ದುದನ್ನು ನಾನೇ ಕಂಡಿದ್ದೇನೆ. ಆದ್ದರಿಂದ ಕನಿಷ್ಠ 6 ಚದರ ಮಿಲಿಮೀಟರಿನ ತಾಮ್ರದ ತಂತಿ (ಪಾರ್ಕಿಂಗ್ ದೂರವಿದ್ದರೆ ಇನ್ನೂ ದಪ್ಪದ್ದು), ಹೊರೆ ಮೀರಿದರೆ ಕರೆಂಟನ್ನು ಕಡಿಯುವ 40 ಆಂಪಿಯರ್ ಎಂಸಿಬಿ, 30 ಮಿಲಿಆಂಪಿಯರ್ ಸೋರಿಕೆಗೇ ಕರೆಂಟನ್ನು ಕಡಿಯುವ ಆರ್‌ಸಿಸಿಬಿ ಮತ್ತು ಗಟ್ಟಿಯಾದ ಅರ್ಥಿಂಗ್ ಇರಲೇಬೇಕು. ವಿದ್ಯುತ್ ಪೂರೈಸುವ ಕಂಪನಿಯಾದ ಮಹಾವಿತರಣದಲ್ಲಿ ಮಂಜೂರಾದ ಲೋಡು ಸಾಲದಿದ್ದರೆ ಅದನ್ನು ಮೊದಲೇ ಹೆಚ್ಚಿಸಿಕೊಳ್ಳಿ.