‘ಯೇಸಪ್ಪಾ’ ಅಂತ ಕರೆದು ಪ್ರಾರ್ಥನೆ ಮಾಡಿದರೆ ತಪ್ಪಾ?

ಪ್ರಶ್ನೆ: ಸರ್, ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ರಾತ್ರಿ ಊಟಕ್ಕೆ ಮುಂಚೆ ಅಮ್ಮ ಪ್ರಾರ್ಥನೆ ಮಾಡುತ್ತಾರೆ. “ಯೇಸಪ್ಪಾ” ಅಂತ ಶುರುವಾಗಿ “ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್” ಅಂತ ಮುಗಿಯುತ್ತದೆ. ಕಳೆದ ತಿಂಗಳು ಚಿಕ್ಕಪ್ಪನ ಮಗ ಬಂದಿದ್ದ. ಅವನೀಗ ‘ಯೆಹೋವನ ಸಾಕ್ಷಿಗಳು’ ಅನ್ನುವ ಪಂಗಡದವರ ಜೊತೆ ಬೈಬಲ್ ಓದುತ್ತಿದ್ದಾನೆ. “ದೊಡ್ಡಮ್ಮ, ನೀವು ಕೇಳಿದ್ದು ಯೇಸು ಹತ್ತಿರಾನಾ, ತಂದೆ ಹತ್ತಿರಾನಾ? ಯೇಸು ದೇವರ ಮಗ, ದೇವರಲ್ಲ. ಆತನಿಗೆ ಪ್ರಾರ್ಥನೆ ಮಾಡುವ ಹಾಗಿಲ್ಲ. ಆತನನ್ನು ದೇವರು ಮಾಡಿದ್ದು 325ರಲ್ಲಿ ರೋಮ್ ಚಕ್ರವರ್ತಿ” ಅಂದ. ಅವತ್ತಿನಿಂದ ಅಮ್ಮ ಪ್ರಾರ್ಥನೆಗೆ ಕೂತರೆ ಮೊದಲ ಮಾತಿಗೇ ತಡವರಿಸುತ್ತಾರೆ. ಅವನು ಹೇಳಿದ್ದು ನಿಜವಾ?

ಉತ್ತರ: ಮೊದಲು 325ರ ಕಥೆ ಮುಗಿಸಿಬಿಡೋಣ. ಅದು ಸುಲಭ, ಯಾಕೆಂದರೆ ಅದು ತಪ್ಪು.

ಆ ವರ್ಷ ಈಗಿನ ಟರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪರು ಸೇರಿದ್ದು ನಿಜ. ಚಕ್ರವರ್ತಿ ಕಾನ್‌ಸ್ಟಂಟೈನ್ ಕರೆಸಿದ್ದೂ ನಿಜ. ಆದರೆ ಅಲ್ಲಿ ಜಗಳ ನಡೆದದ್ದು “ಯೇಸು ಬರೀ ಮನುಷ್ಯನಾ, ದೇವರಾ” ಅಂತ ಅಲ್ಲ. ಜಗಳಕ್ಕೆ ಕಾರಣನಾದ ಅಲೆಕ್ಸಾಂಡ್ರಿಯಾದ ಪಾದ್ರಿ ಆರಿಯಸ್ ಕೂಡ, ಯೇಸು ಲೋಕಕ್ಕಿಂತ ಮೊದಲೇ ಇದ್ದಾತ, ಲೋಕ ಉಂಟಾದದ್ದೇ ಆತನ ಮೂಲಕ ಅಂತ ನಂಬಿದ್ದವನು. ಅವನ ತಕರಾರು ಇಷ್ಟೇ: ತಂದೆಗೆ ಆದಿ ಇಲ್ಲ, ಮಗನಿಗೆ ಇದೆ. ಇನ್ನೂ ತಮಾಷೆ ಅಂದರೆ ಆರಿಯಸ್ ಕಡೆಯವರೂ ಯೇಸುವನ್ನು ಆರಾಧಿಸುತ್ತಲೇ ಇದ್ದರು. ಅವರ ಎದುರಾಳಿ ಅಥನಾಸಿಯಸ್ ಆಮೇಲೆ ಹಿಡಿದುಕೊಂಡದ್ದೂ ಅದನ್ನೇ. ಮಗ ಸೃಷ್ಟಿಯಾದವನೇ ಆಗಿದ್ದರೆ, ಆತನಿಗೆ ಅಡ್ಡಬೀಳುವ ನೀವು ಸೃಷ್ಟಿಯನ್ನು ಪೂಜಿಸಿದ ಹಾಗಾಗಲಿಲ್ಲವಾ ಅಂತ ಕೇಳಿದ.

ಅಂದರೆ ಆರಾಧನೆ ಮೊದಲೇ ಇತ್ತು, ಅದನ್ನು ಹೇಗೆ ವಿವರಿಸೋದು ಅನ್ನೋ ತಲೆನೋವು ಆಮೇಲೆ ಬಂತು. ಇದಕ್ಕೆ ಹೊರಗಿನವರ ಸಾಕ್ಷಿಯೂ ಇದೆ. ನೈಸಿಯಾಕ್ಕಿಂತ 200 ವರ್ಷ ಹಿಂದೆ, ಸುಮಾರು 112ರಲ್ಲಿ, ಕಪ್ಪು ಸಮುದ್ರದ ದಕ್ಷಿಣ ದಡದ ಪ್ರಾಂತವೊಂದಕ್ಕೆ ಪ್ಲಿನಿ ಅನ್ನುವ ರೋಮನ್ ಅಧಿಕಾರಿ ಇದ್ದ. ಕ್ರೈಸ್ತರನ್ನು ಹಿಡಿದು ವಿಚಾರಣೆ ಮಾಡಿ ಚಕ್ರವರ್ತಿ ಟ್ರಾಜನ್‌ಗೆ ಕಾಗದ ಬರೆದ. ಇವರು ಗೊತ್ತಾದ ಒಂದು ದಿನ ಬೆಳಕು ಹರಿಯುವ ಮೊದಲೇ ಸೇರುತ್ತಾರೆ, ದೇವರಿಗೆ ಹಾಡುವಂತೆ ಕ್ರಿಸ್ತನಿಗೆ ಹಾಡುತ್ತಾರೆ ಅಂತ ಅದರಲ್ಲಿದೆ. ಅವನಿಗೆ ಈ ಜನರ ಮೇಲೆ ಪ್ರೀತಿ ಏನೂ ಇರಲಿಲ್ಲ. ಸುಮ್ನೆ ವರದಿ ಒಪ್ಪಿಸಿದ, ಅಷ್ಟೆ.

ಈಗ ನಿಮ್ಮ ತಮ್ಮನ ಪರವಾಗಿ ಎರಡು ಮಾತು. ಹೊಸ ಒಡಂಬಡಿಕೆಯಲ್ಲಿ ಪ್ರಾರ್ಥನೆ ಜಾಸ್ತಿ ಹೋಗುವುದು ತಂದೆಗೇ. ಯೇಸು ಕಲಿಸಿದ್ದು “ನಮ್ಮ ತಂದೆಯೇ” ಅಂತ. “ತಂದೆ ನನಗಿಂತ ದೊಡ್ಡವನು” ಅನ್ನುವ ಮಾತೂ ಯೋಹಾನ 14ರಲ್ಲಿ ಯೇಸುವಿನದೇ. ಮೂರನೇ ಶತಮಾನದ ದೊಡ್ಡ ವಿದ್ವಾಂಸ ಓರಿಜೆನ್, ಪ್ರಾರ್ಥನೆ ತಂದೆಗೆ ಮಾತ್ರ, ಮಗನ ಮೂಲಕ ಮಾಡಬೇಕು ಅಂತ ಖಂಡಿತವಾಗಿ ಬರೆದ. ಆದರೆ ಅದೇ ಓರಿಜೆನ್ ಪ್ರಸಂಗಕ್ಕೆ ನಿಂತಾಗ, ನನ್ನ ಕಾಲು ಕೊಳೆಯಾಗಿದೆ, ಬಂದು ತೊಳೆ ಅಂತ ಯೇಸುವನ್ನೇ ಕರೆಯುತ್ತಾನೆ. ಬರೆಯುವಾಗ ಒಂದು, ಬಾಯಿ ಬಿಟ್ಟಾಗ ಇನ್ನೊಂದು. ನನಗೆ ಅವನ ಮೇಲೆ ಪ್ರೀತಿ ಜಾಸ್ತಿಯಾಗಿದ್ದೇ ಇದನ್ನು ಓದಿದ ಮೇಲೆ.

ಹೀಗೆ ನೇರವಾಗಿ ಯೇಸುವನ್ನು ಕರೆಯುವುದು ಬೈಬಲಿನಲ್ಲೇ ಇದೆ. ಕಲ್ಲೇಟು ತಿಂದು ಸಾಯುವಾಗ ಸ್ತೆಫನ ತನ್ನ ಆತ್ಮವನ್ನು ಸೇರಿಸಿಕೋ ಅಂತ ಬೇಡಿದ್ದು ಯೇಸುವನ್ನು. ಮೊದಲ ತಲೆಮಾರಿನ ಪ್ರಚಾರಕ ಪೌಲ ಕೊರಿಂಥದ ಸಭೆಯವರಿಗೆ ಗ್ರೀಕಿನಲ್ಲಿ ಬರೆಯುತ್ತಾ ಬರೆಯುತ್ತಾ ಕೊನೆಗೆ ಒಂದು ಅರಾಮಿಕ್ ಮಾತು ಹಾಕುತ್ತಾನೆ: ‘ಮಾರನಾಥ’, ನಮ್ಮ ಕರ್ತನೇ ಬಾ. ಗ್ರೀಕ್ ಮಾತಾಡುವ ಊರಿನ ಸಭೆಗೆ ಅರಾಮಿಕ್ ಯಾಕೆ? ಅದು ಯೆಹೂದ್ಯ ಸೀಮೆಯ ಮೊದಲ ವಿಶ್ವಾಸಿಗಳ ಬಾಯಿಂದ ಬಂದ ಪ್ರಾರ್ಥನೆ ಆದ್ದರಿಂದ. ನಾವು ‘ಆಮೆನ್’, ‘ಹಲ್ಲೆಲೂಯ’ ಅನ್ನೋದನ್ನು ಕನ್ನಡಕ್ಕೆ ತಿರುಗಿಸದೆ ಹಾಗೇ ಉಳಿಸಿಕೊಂಡಿದ್ದೇವಲ್ಲ, ಹಾಗೆ.

ಆರಾಧನೆಯ ವಿಷಯಕ್ಕೆ ಬಂದರೆ, ಜಗಳ ಇರೋದು ‘ಪ್ರೊಸ್ಕುನೆಯೊ’ ಅನ್ನುವ ಗ್ರೀಕ್ ಪದದ ಮೇಲೆ. ಇದನ್ನು ಇಂಗ್ಲಿಷಿಗೆ ತರಲು ಒದ್ದಾಡುತ್ತಾರೆ. ಕನ್ನಡದವರಿಗೆ ಆ ಕಷ್ಟ ಇಲ್ಲ, ‘ಅಡ್ಡಬೀಳು’ ಅಂದರೆ ಸರಿಹೋಯಿತು. ಅಜ್ಜಿ ಕಾಲಿಗೂ ಅಡ್ಡಬೀಳುತ್ತೇವೆ, ದೇವರಿಗೂ ಅಡ್ಡಬೀಳುತ್ತೇವೆ, ಮೈ ಬಗ್ಗುವುದು ಒಂದೇ ಥರ. ಮತ್ತಾಯ 18ರಲ್ಲಿ ಸಾಲಗಾರ ಆಳು ತನ್ನ ಧಣಿಗೆ ಅಡ್ಡಬೀಳುವುದಕ್ಕೂ ಇದೇ ಪದ. ಹಾಗಾಗಿ “ಯೇಸುವಿಗೆ ಅಡ್ಡಬಿದ್ದರು, ಅಲ್ಲಿಗೆ ಆತ ದೇವರೇ” ಅನ್ನೋ ವಾದ ನಿಲ್ಲುವುದಿಲ್ಲ. ದೇವಾಲಯದ ಸೇವೆಗೆ ಹೇಳುವ ‘ಲತ್ರೆಯುವೊ’ ಅನ್ನುವ ಬೇರೆ ಪದ ಯೇಸುವಿಗೆ ಸ್ಪಷ್ಟವಾಗಿ ಎಲ್ಲೂ ಬಂದಿಲ್ಲ ಅನ್ನೋದನ್ನೂ ಒಪ್ಪಿಕೊಳ್ಳಬೇಕು.

ಆದರೆ ಪದ ಬಿಟ್ಟು ಸಂದರ್ಭ ನೋಡಿ. ಪ್ರಕಟನೆ ಪುಸ್ತಕದ ಕೊನೆಯಲ್ಲಿ ಯೋಹಾನ ದೇವದೂತನಿಗೆ ಅಡ್ಡಬೀಳಲು ಹೋಗುತ್ತಾನೆ. ದೂತ ಗಾಬರಿಯಾಗಿ, ಬೇಡ ಬೇಡ, ನಾನೂ ನಿನ್ನ ಹಾಗೆ ಒಬ್ಬ ಆಳು, ದೇವರಿಗೆ ಅಡ್ಡಬೀಳು ಅನ್ನುತ್ತಾನೆ. ಅದೇ ಪುಸ್ತಕದ 5ನೇ ಅಧ್ಯಾಯದಲ್ಲಿ ಆಕಾಶ, ಭೂಮಿ, ಸಮುದ್ರದಲ್ಲಿರುವ ಎಲ್ಲವೂ ಸಿಂಹಾಸನದ ಮೇಲಿರುವಾತನನ್ನೂ ಯಜ್ಞದ ಕುರಿಯಾದಾತನನ್ನೂ, ಅಂದರೆ ಯೇಸುವನ್ನೂ, ಒಂದೇ ಹಾಡಿನಲ್ಲಿ ಕೊಂಡಾಡುತ್ತವೆ. ಅಲ್ಲಿ ಯಾರೂ ಬೇಡ ಅನ್ನುವುದಿಲ್ಲ.

ನಿಮ್ಮ ತಮ್ಮ ಮುಂದಿನ ಸಲ ಯೋಹಾನ 1:1 ತರುತ್ತಾನೆ, ನೋಡಿ. ವಾಕ್ಯವು (ಅಲ್ಲಿ ಯೇಸುವಿಗೇ ಆ ಹೆಸರು) “ದೇವರಾಗಿತ್ತು” ಅನ್ನುವಲ್ಲಿ ಗ್ರೀಕಿನಲ್ಲಿ ‘ಆ’ ಅನ್ನುವಂಥ ಗುರುತುಪದ ಇಲ್ಲ, ಅದಕ್ಕೇ ಅವರ ಇಂಗ್ಲಿಷ್ ಬೈಬಲಿನಲ್ಲಿ “ಒಬ್ಬ ದೇವರು” ಅಂತಿದೆ. 6ನೇ ವಚನದಲ್ಲಿ ಸ್ನಾನಿಕ ಯೋಹಾನನನ್ನು ಕಳುಹಿಸಿದ ದೇವರಿಗೂ ಆ ಗುರುತುಪದ ಇಲ್ಲ, ಅಲ್ಲಿ ಯಾಕೆ “ಒಬ್ಬ ದೇವರು ಕಳುಹಿಸಿದ” ಅಂತ ಹಾಕಲಿಲ್ಲ ಅಂತ ಕೇಳಿ. ಜಗಳಕ್ಕಲ್ಲ, ನಿಜವಾಗಿ ಕೇಳಿ.

ಇನ್ನೊಂದು ವಿಷಯ. ಅವನು ಎರಡು ಪ್ರಶ್ನೆಯನ್ನು ಗಂಟು ಹಾಕಿದ್ದಾನೆ: ಯೇಸು ದೇವರಾ, ಆತನಿಗೆ ಪ್ರಾರ್ಥಿಸಬಹುದಾ. ಇವು ಬೇರೆ ಬೇರೆ. 1578ರಲ್ಲಿ ಈಗಿನ ರೊಮೇನಿಯಾದ ಟ್ರಾನ್ಸಿಲ್ವೇನಿಯಾದಲ್ಲಿ ಫೆರೆಂಟ್ಸ್ ಡೇವಿಡ್ ಮತ್ತು ಫೌಸ್ತೊ ಸೊಚ್ಚೀನಿ ಅನ್ನುವ ಇಬ್ಬರು ಒಂದೇ ಮನೆಯಲ್ಲಿದ್ದುಕೊಂಡು ಇದನ್ನೇ ವಾದ ಮಾಡಿದರು. ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನುವ ತ್ರಿತ್ವವನ್ನು ಇಬ್ಬರೂ ಒಪ್ಪುತ್ತಿರಲಿಲ್ಲ. ಆದರೂ ಸೊಚ್ಚೀನಿ, ತಂದೆಯೇ ಅಧಿಕಾರ ಕೊಟ್ಟಿರುವುದರಿಂದ ಕ್ರಿಸ್ತನಿಗೆ ಪ್ರಾರ್ಥಿಸಬಹುದು ಅಂದ. ಡೇವಿಡ್ ಕೂಡದು ಅಂದ. ಅದಕ್ಕಾಗಿ ಡೇವಿಡ್‌ನನ್ನು ದೇವಾ ಕೋಟೆಯಲ್ಲಿ ಸೆರೆಗೆ ಹಾಕಿದರು, 1579ರಲ್ಲಿ ಅಲ್ಲೇ ಸತ್ತ. ಒಂದು ಪ್ರಾರ್ಥನೆಯ ವಿಳಾಸಕ್ಕೆ ಒಂದು ಜೀವ. ನಿಮ್ಮ ಮನೆಯಲ್ಲಿ ಅದು ಊಟದ ಹೊತ್ತಿನ ಮುಜುಗರಕ್ಕೆ ನಿಂತಿದೆ, ಪುಣ್ಯ.

ಯೇಸು ದೇವರಾ ಅನ್ನೋದು ಕೊನೆಗೆ ನಂಬಿಕೆಯ ಮಾತು. ಗ್ರೀಕ್ ವ್ಯಾಕರಣ ಅದನ್ನು ತೀರ್ಮಾನಿಸುವುದಿಲ್ಲ. ನಾನು ನಂಬುತ್ತೇನೆ, ನಿಮ್ಮ ತಮ್ಮ ನಂಬುವುದಿಲ್ಲ. ಆದರೆ ಅಮ್ಮ ಮಾಡುವ ಪ್ರಾರ್ಥನೆ ಹೊಸದೂ ಅಲ್ಲ, ಚಕ್ರವರ್ತಿ ಕಲಿಸಿದ್ದೂ ಅಲ್ಲ. ಅವರಿಗೆ 1 ಥೆಸಲೊನೀಕ 3:11 ಓದಿ ಹೇಳಿ. ನಮ್ಮ ಕೈಯಲ್ಲಿರುವ ಅತಿ ಹಳೆಯ ಕ್ರೈಸ್ತ ಬರಹಗಳಲ್ಲಿ ಈ ಪತ್ರ ಒಂದು, ಸುಮಾರು 50ನೇ ಇಸವಿಯದು. ನಮ್ಮ ತಂದೆಯಾದ ದೇವರೂ ನಮ್ಮ ಕರ್ತನಾದ ಯೇಸುವೂ ನಿಮ್ಮ ಹತ್ತಿರ ಬರಲು ದಾರಿ ಮಾಡಲಿ ಅಂತ ಪೌಲ ಬೇಡುತ್ತಾನೆ. ಹೆಸರು ಎರಡು, ಆದರೆ ಗ್ರೀಕಿನಲ್ಲಿ ಕ್ರಿಯಾಪದ ಏಕವಚನ. ಅದನ್ನೇ ಹಿಡಿದು ತ್ರಿತ್ವ ಸಾಬೀತಾಯಿತು ಅಂತ ತಮ್ಮನ ಮೇಲೆ ಎರಗಬೇಡಿ, ಅಷ್ಟು ಭಾರ ಅದು ಹೊರುವುದಿಲ್ಲ. ಅಮ್ಮನಿಗೆ ಮಾತ್ರ ತೋರಿಸಿ. ‘ಯೇಸಪ್ಪಾ’ ಅಂತ ಶುರು ಮಾಡಿ ‘ತಂದೆಯೇ’ ಅಂತ ಮುಗಿಸುವವರಿಗೆ ಅದು ಕೂಡಲೇ ಅರ್ಥವಾಗುತ್ತದೆ.